ಕೂದಲಿನ ಹತ್ತನೇ ಒಂದು ಪಾಲು ಬಾಗುವ ಕನ್ನಡಿ: ಫೋಕಸ್ ಬದಲಾಗುವುದು ಹೇಗೆ?

ಹಾನಗಲ್ಲಿನ ತಾರಕೇಶ್ವರ ಗುಡಿಗೋ, ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಗೋ ಹೋದವರು ಅಲ್ಲಿನ ಕಂಬಗಳ ಮುಂದೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲನ್ನು ತಿರುಗಿಸಿ ಕಡೆದು, ಉಜ್ಜಿ ಉಜ್ಜಿ ನುಣುಪು ಮಾಡಿದ ಕಂಬಗಳಿವು. ಬೆಳಕು ಸರಿಯಾಗಿ ಬಿದ್ದರೆ ಹೊಳೆಯುವ ಕಲ್ಲಿನಲ್ಲಿ ನಮ್ಮ ಬಿಂಬ ಮಸುಕಾಗಿ ಕಾಣುತ್ತದೆ. ಉಬ್ಬಿದ ಪಟ್ಟಿಯಲ್ಲಿ ಮುಖ ಸಣ್ಣದಾಗುತ್ತದೆ, ತಗ್ಗಿದ ಪಟ್ಟಿಯಲ್ಲಿ ಬೇರೆಯದೇ ಆಕಾರ ಪಡೆಯುತ್ತದೆ. ನಾವು ಬದಲಾಗಿಲ್ಲ, ಕನ್ನಡಿಯ ಬಾಗು ಬದಲಾಗಿದೆ ಅಷ್ಟೆ.

ಶತಮಾನಗಳ ಹಿಂದೆ ಕಲ್ಲಿಗೆ ಕೊಟ್ಟ ಬಾಗು ಇಂದಿಗೂ ಹಾಗೇ ಇದೆ. ಆದರೆ ಬೇಕೆಂದಾಗ ಬಾಗುವ, ಬೇಡವೆಂದಾಗ ಮತ್ತೆ ಸಪಾಟಾಗುವ ಕನ್ನಡಿ ಇದ್ದರೆ? ಅದೂ ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಬರೀ ಮೂರು ಮಿಲಿಮೀಟರ್ ಅಗಲದ್ದು? ಅಂಥ ಕನ್ನಡಿಯನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಹೇಗೆ ಕೆತ್ತುತ್ತಾರೆ, ಅದರಿಂದ ನಮಗೇನು ಉಪಯೋಗ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಇದು ಯಾರಿಗೆ ಬೇಕು?

ಮೊದಲು ಬಾಯಿಯ ಮಾತು. ಸವಣೂರಿನ ಎಲೆ ನಮ್ಮ ಸೀಮೆಯಲ್ಲಿ ಹೆಸರುವಾಸಿ, ಹಾನಗಲ್ಲು ಭಾಗದಲ್ಲಿ ಅಡಿಕೆ ತೋಟಗಳಿವೆ. ಊಟವಾದ ಮೇಲೆ ಎಲೆಅಡಿಕೆ ಹಾಕುವುದು ಮನೆಮನೆಯ ರೂಢಿ. ತಂಬಾಕು ಬಾಯಿ ಕ್ಯಾನ್ಸರ್ ತರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡಿತೆನ್ನಿ. ಅದು ಅಪಾಯದ್ದೋ ಅಲ್ಲವೋ ಎಂದು ಹೊರಗಿನಿಂದ ನೋಡಿ ಖಚಿತವಾಗಿ ಹೇಳಲಾಗದು. ಏಕೆಂದರೆ ಇಂಥ ಬದಲಾವಣೆ ಸಾಮಾನ್ಯವಾಗಿ ಮೇಲ್ಮೈಯಲ್ಲಿ ಅಲ್ಲ, ಬಾಯಿಯ ಒಳಚರ್ಮದ ತಳದ ಸಾಲಿನ ಜೀವಕೋಶಗಳಲ್ಲಿ ಶುರುವಾಗುತ್ತದೆ. ಕೆನ್ನೆಯೊಳಗಿನ ಆ ಪದರದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಅದಕ್ಕಾಗಿ ವೈದ್ಯರು ಚೂರು ಮಾಂಸ ಕತ್ತರಿಸಿ ಬಯಾಪ್ಸಿಗೆ ಕಳಿಸುತ್ತಾರೆ. ಹಿರೇಕೆರೂರಿನ ಕಡೆಯ ಹಳ್ಳಿಯವರಿಗೆ ಇದೆಂದರೆ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿಬರುವ ಕೆಲಸ, ಕೂಲಿ ಬಿಟ್ಟ ದಿನ, ರಿಪೋರ್ಟು ಬರುವ ತನಕ ಆತಂಕ. ಎಷ್ಟೋ ಜನ ‘ನೋವಿಲ್ಲವಲ್ಲ’ ಎಂದು ಹೋಗುವುದನ್ನೇ ಮುಂದೂಡುತ್ತಾರೆ.

ಕತ್ತರಿಸದೆಯೇ ಆ ಅರ್ಧ ಮಿಲಿಮೀಟರ್ ಆಳವನ್ನು ಪದರ ಪದರವಾಗಿ ನೋಡುವಂತಿದ್ದರೆ? ಕಾನ್‌ಫೋಕಲ್ ಸೂಕ್ಷ್ಮದರ್ಶಕ ಎಂಬ ಸಾಧನ ಇದನ್ನು ಮಾಡಬಲ್ಲದು. ಅದು ಲೇಸರ್ ಬೆಳಕನ್ನು ಒಂದೇ ಆಳದ ಒಂದೇ ಚುಕ್ಕೆಗೆ ಬಿಟ್ಟು, ಅಲ್ಲಿಂದ ಮರಳಿದ ಬೆಳಕನ್ನು ಮಾತ್ರ ಒಂದು ಸೂಜಿರಂಧ್ರದ ಮೂಲಕ ಹಿಡಿಯುತ್ತದೆ. ಬೇರೆ ಆಳದಿಂದ ಬಂದ ಬೆಳಕು ರಂಧ್ರದ ಅಂಚಿಗೆ ಬಡಿದು ಹೊರಗೇ ಉಳಿಯುತ್ತದೆ. ತೊಂದರೆ ಒಂದೇ: ಮೇಲಿನ ಪದರದಿಂದ ತಳದ ಪದರಕ್ಕೆ ಹೋಗಲು ಫೋಕಸ್ ಬದಲಿಸಬೇಕು. ಟೇಬಲ್ ಮೇಲಿನ ಯಂತ್ರದಲ್ಲಾದರೆ ಲೆನ್ಸನ್ನೇ ಮೋಟರಿನಿಂದ ಹಿಂದೆಮುಂದೆ ಸರಿಸಬಹುದು. ಬಾಯೊಳಗೆ ಹಿಡಿಸಬೇಕಾದ, ಪೆನ್ನಿನಷ್ಟು ಸಣ್ಣ ಕೊಳವೆಯಲ್ಲಿ ಅದಕ್ಕೆಲ್ಲಿ ಜಾಗ? ಫೋಕಸ್ ಬದಲಿಸುವ ಪುಟ್ಟ ಕನ್ನಡಿ ಕೆಲಸಕ್ಕೆ ಬರುವುದು ಇಲ್ಲಿ.

ಫೋಕಸ್ ಬದಲಿಸಲು ಎರಡು ದಾರಿ

ಒಂದು, ಲೆನ್ಸನ್ನು ಸರಿಸುವುದು. ಕ್ಯಾಮೆರಾಗಳು ಮಾಡುವುದು ಹೆಚ್ಚಾಗಿ ಇದನ್ನೇ. ನಿಮ್ಮ ಮೊಬೈಲಿನೊಳಗೂ ಸಣ್ಣ ಕಾಯಿಲ್ ಮತ್ತು ಅಯಸ್ಕಾಂತ ಸೇರಿ ಲೆನ್ಸನ್ನು ಎಳೆದಾಡುತ್ತವೆ.

ಇನ್ನೊಂದು, ಇದ್ದಲ್ಲೇ ಆಕಾರ ಬದಲಿಸುವುದು. ನಮ್ಮ ಕಣ್ಣು ಮಾಡುವುದು ಇದನ್ನು. ದೂರದ ಬಸ್ಸಿನ ಬೋರ್ಡು ನೋಡಿ ತಕ್ಷಣ ಕೈಯಲ್ಲಿರುವ ಟಿಕೆಟ್ ನೋಡಿದಾಗ ಕಣ್ಣಿನ ಮಸೂರ ತುಸು ದಪ್ಪಗಾಗುತ್ತದೆ. ವಯಸ್ಸಾದಂತೆ ಆ ಮಸೂರ ಗಡುಸಾಗಿ, ಆಕಾರ ಬದಲಿಸುವ ಶಕ್ತಿ ಕಳೆದುಕೊಂಡಾಗ ನಾವು ‘ಚಾಳೀಸು ಬಂತು’ ಎನ್ನುತ್ತೇವೆ. ನಾವು ಹೇಳುತ್ತಿರುವ ಕನ್ನಡಿ ಚಾಳೀಸು ಬರದ ಕಣ್ಣಿದ್ದಂತೆ.

ಎಷ್ಟು ಬಾಗಬೇಕು? ಲೆಕ್ಕ ಮಾಡಿ ನೋಡೋಣ

ಹತ್ತನೇ ತರಗತಿಯಲ್ಲಿ ಓದಿದ್ದು ನೆನಪಿಸಿಕೊಳ್ಳಿ: ನಿಮ್ನ ದರ್ಪಣದ ಸಂಗಮದೂರ ಅದರ ವಕ್ರತಾ ತ್ರಿಜ್ಯದ ಅರ್ಧ. ಇದನ್ನೇ ತುಸು ತಿರುಗಿಸಿ ಬರೆದರೆ ಒಂದು ಸುಲಭ ಸೂತ್ರ ಸಿಗುತ್ತದೆ. ಕನ್ನಡಿಯ ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ನಡುಭಾಗ ಎಷ್ಟು ತಗ್ಗಿದೆಯೋ ಅದರ ನಾಲ್ಕರಷ್ಟರಿಂದ ಭಾಗಿಸಿ. ಬಂದಿದ್ದೇ ಸಂಗಮದೂರ.

ನಮ್ಮ ಕನ್ನಡಿಯ ಅಗಲ 3 ಮಿಲಿಮೀಟರ್, ಅಂದರೆ ಅರ್ಧ ಅಗಲ 1.5 ಮಿಲಿಮೀಟರ್. ನಡುಭಾಗ 1 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು ತಗ್ಗಿದರೆ ಸಂಗಮದೂರ ಸುಮಾರು 56 ಸೆಂಟಿಮೀಟರ್. 5 ಮೈಕ್ರೋಮೀಟರ್ ತಗ್ಗಿದರೆ ಸುಮಾರು 11 ಸೆಂಟಿಮೀಟರ್. 10 ತಗ್ಗಿದರೆ ಐದೂವರೆ ಸೆಂಟಿಮೀಟರ್ ಚಿಲ್ಲರೆ. ತಗ್ಗದೇ ಇದ್ದರೆ ಅದು ಸಾಮಾನ್ಯ ಸಪಾಟು ಕನ್ನಡಿ.

ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರೋಮೀಟರ್. ಅಂದರೆ ಕೂದಲಿನ ಹತ್ತನೇ ಒಂದು ಪಾಲು ಬಾಗಿದರೆ ಸಾಕು, ಫೋಕಸ್ ಅನಂತ ದೂರದಿಂದ ಒಂದು ಗೇಣಿಗಿಂತ ಹತ್ತಿರಕ್ಕೆ ಬರುತ್ತದೆ. ಕನ್ನಡಿ ಚಿಕ್ಕದಾದಷ್ಟೂ ಸ್ವಲ್ಪ ಬಾಗಿನಿಂದ ಹೆಚ್ಚು ಕೆಲಸವಾಗುತ್ತದೆ ಎಂಬುದೇ ಇಲ್ಲಿನ ಗುಟ್ಟು. ಈ ಕನ್ನಡಿಯ ಜೊತೆಗೆ ಸೂಕ್ಷ್ಮದರ್ಶಕದ ಲೆನ್ಸು ಸೇರಿದಾಗ, ಚರ್ಮದೊಳಗಿನ ಚುಕ್ಕೆ ಬೇಕಾದ ಪದರಕ್ಕೆ ಇಳಿಯುತ್ತದೆ, ಏರುತ್ತದೆ.

ಸಿಲಿಕಾನ್ ಯಾಕೆ? ಅದು ಗಾಜಿನಂತೆ ಒಡೆಯುವುದಿಲ್ಲವೇ?

ಇದು ಬಹಳ ಜನರ ತಪ್ಪು ತಿಳಿವಳಿಕೆ. ಕೆಳಗೆ ಬಿದ್ದರೆ ಸಿಲಿಕಾನ್ ಬಿಲ್ಲೆ ಒಡೆಯುತ್ತದೆ, ನಿಜ. ಆದರೆ ಒಡೆಯುವ ಮಿತಿಯೊಳಗೆ ಅದನ್ನು ಎಷ್ಟು ಸಲ ಬಾಗಿಸಿ ಬಿಟ್ಟರೂ ಅದು ಮೊದಲಿನ ಆಕಾರಕ್ಕೇ ಮರಳುತ್ತದೆ. ತಾಮ್ರದ ತಂತಿಯನ್ನು ಬಾಗಿಸಿದರೆ ಬಾಗಿಯೇ ಉಳಿಯುತ್ತದೆ, ಪದೇ ಪದೇ ಬಾಗಿಸಿದರೆ ಸುಸ್ತಾಗಿ ಮುರಿಯುತ್ತದೆ. ಒಂದೇ ಹರಳಾಗಿ ಬೆಳೆಸಿದ ಸಿಲಿಕಾನಿಗೆ ಸಾಮಾನ್ಯ ಉಷ್ಣತೆಯಲ್ಲಿ ಆ ಚಾಳಿ ಇಲ್ಲ. 1982ರಲ್ಲಿ ಕರ್ಟ್ ಪೀಟರ್ಸನ್ ಎಂಬ ವಿಜ್ಞಾನಿ, ಸಿಲಿಕಾನ್ ಬರೀ ವಿದ್ಯುತ್ತಿನ ವಸ್ತುವಲ್ಲ, ಯಂತ್ರಗಳಿಗೂ ಒಳ್ಳೆಯ ವಸ್ತು ಎಂದು ವಿವರವಾಗಿ ಬರೆದರು. ಚಿಪ್ ಮಾಡುವ ವಿಧಾನದಿಂದಲೇ ಪುಟ್ಟ ಸ್ಪ್ರಿಂಗು, ಪೊರೆ, ಕನ್ನಡಿಗಳನ್ನು ಮಾಡುವ ಮೆಮ್ಸ್ ತಂತ್ರಜ್ಞಾನಕ್ಕೆ ಆ ಬರಹ ಒಂದು ಬುನಾದಿ.

ಇನ್ನೊಂದು ಗೊಂದಲ: ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ. ಕಿಟಕಿ ಸಂದಿಗೆ ಹಚ್ಚುವ ರಬ್ಬರಿನಂಥದ್ದು ಸಿಲಿಕೋನ್. ಇದು ಮರಳಿನಿಂದ ತೆಗೆದು ಶುದ್ಧಗೊಳಿಸಿದ ಸಿಲಿಕಾನ್.

ಕೆತ್ತುವುದು ಹೇಗೆ?

ಶಿಲ್ಪಿ ಉಳಿಯಿಂದ ಕೆತ್ತುತ್ತಾನೆ. ಇಲ್ಲಿ ಉಳಿಯ ಕೆಲಸ ಮಾಡುವುದು ರಾಸಾಯನಿಕಗಳು. ಅರ್ಧ ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆಯಿಂದ ಕೆಲಸ ಶುರು.

ಮೊದಲು ಬಿಲ್ಲೆಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟು ಅನಿಲ ಹಾಯಿಸಿ, ಅದರ ಮೇಲೆ ಸಿಲಿಕಾನ್ ನೈಟ್ರೈಡಿನ ತೆಳು ಪೊರೆ ಬೆಳೆಸುತ್ತಾರೆ. ಪೊರೆಯ ದಪ್ಪ ಅರ್ಧದಿಂದ ಒಂದು ಮೈಕ್ರೋಮೀಟರ್. ಮುಂದೆ ಕನ್ನಡಿಯಾಗುವುದು ಇದೇ.

ನಂತರ ಬಿಲ್ಲೆಯ ಹಿಂಬದಿಗೆ ಬೆಳಕಿಗೆ ಸ್ಪಂದಿಸುವ ರಾಳ ಬಳಿದು, ಬೇಕಾದ ಆಕಾರದ ಅಚ್ಚಿನ ಮೂಲಕ ನೇರಳಾತೀತ ಬೆಳಕು ಬಿಡುತ್ತಾರೆ. ಹಬ್ಬದ ದಿನ ತೂತಿನ ಅಚ್ಚಿಟ್ಟು ರಂಗೋಲಿ ಪುಡಿ ಉದುರಿಸುತ್ತೇವಲ್ಲ, ಹಾಗೆ. ಇಲ್ಲಿ ಪುಡಿಯ ಬದಲು ಬೆಳಕು. ಬೆಳಕು ಬಿದ್ದ ಕಡೆ ರಾಳ ತೊಳೆದು ಹೋಗಿ ಕಿಟಕಿ ತೆರೆಯುತ್ತದೆ. ಕಿಟಕಿಯಲ್ಲಿ ಕಾಣುವ ನೈಟ್ರೈಡನ್ನೂ ತೆಗೆಯುತ್ತಾರೆ.

ಆಮೇಲೆ ಬಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಲ್ಲೆಯನ್ನು ಮುಳುಗಿಸುತ್ತಾರೆ. ಅದು ಕಿಟಕಿಯಿಂದ ಒಳಹೊಕ್ಕು ನಿಮಿಷಕ್ಕೆ ಸುಮಾರು ಒಂದು ಮೈಕ್ರೋಮೀಟರಿನಂತೆ ಸಿಲಿಕಾನನ್ನು ತಿನ್ನುತ್ತಾ ಹೋಗುತ್ತದೆ. ಅರ್ಧ ಮಿಲಿಮೀಟರ್ ದಾಟಲು ಆರರಿಂದ ಎಂಟು ತಾಸು. ನೈಟ್ರೈಡನ್ನು ಮಾತ್ರ ಅದು ಬಹುತೇಕ ಮುಟ್ಟುವುದಿಲ್ಲ. ಹೀಗಾಗಿ ಕೊನೆಗೆ ಚೌಕಟ್ಟಿಗೆ ಕಟ್ಟಿದ ಪೊರೆಯೊಂದೇ ಉಳಿಯುತ್ತದೆ.

ಇಲ್ಲೊಂದು ತೊಡಕಿದೆ. ಈ ದ್ರಾವಣ ಹರಳಿನ ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ತಿನ್ನುವುದಿಲ್ಲ. ಗುಂಡಿಯ ಗೋಡೆ ನೇರವಾಗಿ ಇಳಿಯದೆ 54.7 ಡಿಗ್ರಿ ಓರೆಯಾಗುತ್ತದೆ, ಬಾಯಿ ಚೌಕವಾಗುತ್ತದೆ. ಹಾಗಾಗಿ 3 ಮಿಲಿಮೀಟರ್ ಪೊರೆ ಬೇಕೆಂದರೆ ಹಿಂಬದಿಯ ಕಿಟಕಿಯನ್ನು ಸುಮಾರು 3.7 ಮಿಲಿಮೀಟರ್ ಬಿಡಬೇಕು. ಚೌಕದ ಪೊರೆ ಬಾಗಿದರೆ ಮೂಲೆಗಳಲ್ಲಿ ಬಟ್ಟಲಿನ ಆಕಾರ ಕೆಡುತ್ತದೆ. ಗುಂಡನೆಯ ಕನ್ನಡಿಯೇ ಬೇಕೆಂದರೆ ದ್ರಾವಣದ ಬದಲು ವಿದ್ಯುತ್ ತುಂಬಿದ ಅನಿಲದಿಂದ ನೇರ ಗೋಡೆಯ ಗುಂಡಿ ತೋಡುತ್ತಾರೆ. ಖರ್ಚು ಹೆಚ್ಚು, ಆಕಾರ ಚೊಕ್ಕ.

ಕೊನೆಗೆ ಪೊರೆಯ ಮೇಲೆ ಅಲ್ಯೂಮಿನಿಯಂ ಅಥವಾ ಚಿನ್ನದ ಲೇಪ, ದಪ್ಪ ಸುಮಾರು ಮೈಕ್ರೋಮೀಟರಿನ ಹತ್ತನೇ ಒಂದು ಪಾಲು. ಅಲ್ಯೂಮಿನಿಯಂ ಕಣ್ಣಿಗೆ ಕಾಣುವ ಬೆಳಕಿನ ಶೇಕಡಾ 90ರಷ್ಟನ್ನು ಮರಳಿಸುತ್ತದೆ. ಚಿನ್ನ ನೀಲಿಯನ್ನು ನುಂಗುತ್ತದೆ, ಆದರೆ ಕೆಂಪು ಮತ್ತು ಅವಗೆಂಪು ಲೇಸರಿಗೆ ಅದೇ ಮೇಲು.

ಹಲಗೆಯ ಪಾಠ

ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ. ಹಲಗೆ ಬಾರಿಸುವವರನ್ನು ನೋಡಿದವರಿಗೆ ಈ ಭಾಗ ಬೇಗ ಅರ್ಥವಾದೀತು. ಬಾರಿಸುವ ಮೊದಲು ಅವರು ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾದರೆ ನಾದ ಚೆನ್ನ. ಬಿಗಿ ಸಾಲದಿದ್ದರೆ ಚರ್ಮ ಜೋಲುತ್ತದೆ, ಅತಿಯಾದರೆ ಹರಿಯುತ್ತದೆ.

ನೈಟ್ರೈಡ್ ಪೊರೆಯದೂ ಇದೇ ಕಥೆ. ಕುಲುಮೆಯಲ್ಲಿ ಬೆಳೆಯುವಾಗಲೇ ಅದರಲ್ಲಿ ಒಂದು ಬಿಗಿತ ಸೇರಿಕೊಳ್ಳುತ್ತದೆ. ಅನಿಲಗಳ ಪ್ರಮಾಣ ಬದಲಿಸಿ ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಬಿಗಿತ ಕಡಿಮೆಯಾದರೆ ಪೊರೆ ಸುಕ್ಕಾಗಿ ಕನ್ನಡಿ ಹಾಳು. ಹೆಚ್ಚಾದರೆ ಬಾಗಿಸಲು ವಿಪರೀತ ಬಲ ಬೇಕು. ಮೇಲಿನ ಲೋಹದ ಲೇಪವೂ ತನ್ನದೊಂದು ಎಳೆತ ಸೇರಿಸುತ್ತದೆ. ವಿನ್ಯಾಸ ಮಾಡುವವರು ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯಗಳಲ್ಲಿ ಇದೊಂದು.

ಬಿಗಿದ ತೆಳು ಪೊರೆಗೆ ಒಂದು ಒಳ್ಳೆಯ ಗುಣವೂ ಇದೆ. ಅದರ ಮೇಲೆ ಎಲ್ಲೆಡೆ ಸಮನಾದ ಒತ್ತಡ ಬಿದ್ದರೆ ಅದು ತಾನಾಗಿ ಪರವಲಯದ ಬಟ್ಟಲಾಗುತ್ತದೆ. ಬೆಳಕನ್ನು ಒಂದು ಚುಕ್ಕೆಗೆ ಕೂಡಿಸಲು ಬೇಕಾದ ಆಕಾರವೇ ಅದು. ದಪ್ಪ ತಟ್ಟೆಯಾದರೆ ಅಂಚು ಬಾಗಲು ಒಪ್ಪದೆ ಆಕಾರ ಕೆಡುತ್ತದೆ.

ಎಳೆಯುವುದು ಯಾವುದು?

ಬಾಚಣಿಗೆಯನ್ನು ಒಣಗೂದಲಿಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರು ಎಗರಿ ಅಂಟುತ್ತದೆ. ಆ ಸ್ಥಿರವಿದ್ಯುತ್ ಬಲವೇ ಇಲ್ಲಿನ ಎಳೆಗಾರ. ಲೋಹ ಬಳಿದ ಪೊರೆ ಒಂದು ತಟ್ಟೆ, ಅದರ ಕೆಳಗೆ ಸುಮಾರು 20 ಮೈಕ್ರೋಮೀಟರ್ ಸಂದಿ ಬಿಟ್ಟು ಇನ್ನೊಂದು ಲೋಹದ ತಟ್ಟೆ. ಎರಡರ ನಡುವೆ ವೋಲ್ಟೇಜ್ ಕೊಟ್ಟರೆ ಪೊರೆ ಕೆಳಕ್ಕೆ ಬಾಗುತ್ತದೆ. ವೋಲ್ಟೇಜ್ ತೆಗೆದರೆ ಸಪಾಟಾಗುತ್ತದೆ.

ಹಗುರ ಬಿಗಿತದ, ಅರ್ಧ ಮೈಕ್ರೋಮೀಟರ್ ದಪ್ಪದ ಪೊರೆಯನ್ನು 5 ಮೈಕ್ರೋಮೀಟರ್ ತಗ್ಗಿಸಲು ಬೇಕಾದ ಒತ್ತಡ ಎಷ್ಟು ಗೊತ್ತೇ? ನಾವು ಲೆಕ್ಕ ಹಾಕಿದಾಗ ಬಂದದ್ದು ಸುಮಾರು 450 ಪ್ಯಾಸ್ಕಲ್. ಪಾತ್ರೆಯಲ್ಲಿ ನಾಲ್ಕೂವರೆ ಸೆಂಟಿಮೀಟರ್ ನೀರು ನಿಂತರೆ ತಳಕ್ಕೆ ಬೀಳುವಷ್ಟು. ಅದನ್ನು ವಿದ್ಯುತ್ತಿನಿಂದ ತರಲು 150ರಿಂದ 200 ವೋಲ್ಟ್ ಬೇಕು. ‘ಅಬ್ಬಾ, ಮನೆಯ ಕರೆಂಟಿನಷ್ಟು! ಅದನ್ನು ಬಾಯಿಗಿಡುವುದೇ?’ ಎಂದು ಹೌಹಾರಬೇಡಿ. ಕನ್ನಡಿ ಇರುವುದು ಮುಚ್ಚಿದ ಕೊಳವೆಯೊಳಗೆ. ಜೊತೆಗೆ ತಟ್ಟೆಗಳ ನಡುವೆ ಬರೀ ಗಾಳಿ ಇರುವುದರಿಂದ ಹರಿಯುವ ವಿದ್ಯುತ್ತು ಅತ್ಯಲ್ಪ.

ಸಂದಿಯನ್ನು ಇನ್ನೂ ಕಿರಿದು ಮಾಡಿ ವೋಲ್ಟೇಜ್ ಉಳಿಸಬಾರದೇ ಎಂದು ಕೇಳಬಹುದು. ಇಲ್ಲೇ ಒಂದು ಬಲೆ ಇದೆ. ಪೊರೆ ಹತ್ತಿರ ಬಂದಷ್ಟೂ ಎಳೆತ ಜೋರಾಗುತ್ತದೆ. ಸರಳ ಲೆಕ್ಕದ ಪ್ರಕಾರ, ಸಂದಿಯ ಮೂರನೇ ಒಂದು ಪಾಲು ದಾಟಿದ ಕೂಡಲೇ ಪೊರೆಯ ಬಿಗಿತ ಸೋತು, ಪೊರೆ ಪಟ್ಟನೆ ಕೆಳಗಿನ ತಟ್ಟೆಗೆ ಬಡಿಯುತ್ತದೆ. ಹಾಗಾಗಿ 5 ಮೈಕ್ರೋಮೀಟರ್ ಬಾಗು ಬೇಕೆಂದರೆ ಕನಿಷ್ಠ 15 ಮೈಕ್ರೋಮೀಟರ್ ಸಂದಿ ಬೇಕು, ನೆಮ್ಮದಿಗೆ 20. ಸಂದಿ ಎರಡರಷ್ಟಾದರೆ ಈ ಬಡಿತದ ವೋಲ್ಟೇಜ್ ಸುಮಾರು 2.8ರಷ್ಟಾಗುತ್ತದೆ. ಹೆಚ್ಚು ಬಾಗು, ಕಡಿಮೆ ವೋಲ್ಟೇಜ್ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕೆರೆ ಕದಡಿದಾಗ

ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಹಿರೇಕೆರೂರಿನ ಕೆರೆ ದಂಡೆಯಲ್ಲಿ ಗಾಳಿಯಿಲ್ಲದ ಮುಂಜಾನೆ ನಿಂತರೆ ಆಚೆ ದಡದ ಮರಗಳು ನೀರಿನಲ್ಲಿ ಚೊಕ್ಕವಾಗಿ ಕಾಣುತ್ತವೆ. ಗಾಳಿ ಬೀಸಿದರೆ ಬಿಂಬ ಕದಡುತ್ತದೆ. ಆಕಾಶದ ಗಾಳಿಯೂ ನಕ್ಷತ್ರದ ಬೆಳಕನ್ನು ಹೀಗೇ ಕದಡುತ್ತದೆ. ಆ ಕದಡನ್ನು ಅಳೆದು, ಅದಕ್ಕೆ ಸರಿಯಾಗಿ ಕನ್ನಡಿಯನ್ನೇ ತಿರುವುಮುರುವಾಗಿ ಬಾಗಿಸಿದರೆ ಬಿಂಬ ತಿಳಿಯಾಗಬಹುದು ಎಂದು 1953ರಲ್ಲಿ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್ಕಾಕ್ ಸೂಚಿಸಿದರು. 1997ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಉಪಾಯದಿಂದ ಬದುಕಿರುವ ಮನುಷ್ಯನ ಕಣ್ಣಿನ ಅಕ್ಷಿಪಟಲದ ಒಂದೊಂದೇ ಜೀವಕೋಶವನ್ನು ಕಂಡರು.

ಪುಟ್ಟ ಕನ್ನಡಿಗೂ ಇದೇ ಉಪಾಯ. ಕೆಳಗಿನ ತಟ್ಟೆಯನ್ನು ಒಂದೇ ತುಂಡಾಗಿ ಇಡದೆ, ನಡುವೆ ಒಂದು ಬಿಲ್ಲೆ, ಸುತ್ತ ಒಂದೆರಡು ಬಳೆಗಳಾಗಿ ಕತ್ತರಿಸಿ, ಒಂದೊಂದಕ್ಕೂ ಬೇರೆ ವೋಲ್ಟೇಜ್ ಕೊಡುತ್ತಾರೆ. ಆಗ ಫೋಕಸ್ ಬದಲಿಸುವುದರ ಜೊತೆಗೆ ಬಟ್ಟಲಿನ ಆಕಾರದ ತಪ್ಪನ್ನೂ ತಿದ್ದಬಹುದು. ಸಿಲಿಕಾನಿನಲ್ಲಿ ಕೆತ್ತಿದ ಬಾಗುವ ಕನ್ನಡಿಯನ್ನು ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಗ್ಲೆಬ್ ವ್ದೋವಿನ್ ಮತ್ತು ಲೀನಾ ಸಾರೊ 1995ರಲ್ಲಿ ಪ್ರಕಟಿಸಿದರು. ಸೂಕ್ಷ್ಮದರ್ಶಕದ ಫೋಕಸ್ ಬದಲಿಸುವ ಪೊರೆಗನ್ನಡಿಗಳ ಮೇಲೆ ಅಮೆರಿಕದ ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಡಿಕನ್‌ಶೀಟ್ಸ್ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ.

ನಮ್ಮಲ್ಲಿ ಇದನ್ನು ಮಾಡಬಹುದೇ?

ಮಾಡಬಹುದು. ಇಂಥ ಕೆಲಸಕ್ಕೆ ಧೂಳಿಲ್ಲದ ಕೋಣೆ ಬೇಕು, ಏಕೆಂದರೆ ಒಂದು ಧೂಳಿನ ಕಣ ಈ ಪೊರೆಗಿಂತ ಹತ್ತಾರು ಪಟ್ಟು ದಪ್ಪ ಇರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಅಂಥ ಕೋಣೆಗಳಿವೆ. ಹೊರಗಿನ ಕಾಲೇಜುಗಳ ಸಂಶೋಧಕರೂ ಅಲ್ಲಿ ತರಬೇತಿ ಪಡೆದು ತಮ್ಮ ವಿನ್ಯಾಸ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ನೆರವಿನ ಐಎನ್‌ಯುಪಿ ಎಂಬ ಕಾರ್ಯಕ್ರಮವಿದೆ. ದೇಶದಲ್ಲಿ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಸ್ಮಾರ್ಟ್ ಮೆಟೀರಿಯಲ್ಸ್ ರಾಷ್ಟ್ರೀಯ ಕಾರ್ಯಕ್ರಮವನ್ನು ಮುನ್ನಡೆಸಿದವರು ಬೆಂಗಳೂರಿನವರೇ ಆದ ವಿ.ಕೆ. ಆತ್ರೆ. ಅವರು ಐಐಎಸ್‌ಸಿಯ ಪ್ರಾಧ್ಯಾಪಕರೊಂದಿಗೆ ಸೇರಿ ಬರೆದ ‘ಮೈಕ್ರೋ ಅಂಡ್ ಸ್ಮಾರ್ಟ್ ಸಿಸ್ಟಮ್ಸ್’ ಪಠ್ಯಪುಸ್ತಕವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಿ ಅರಗಿಸಿಕೊಳ್ಳಬಹುದು. ವಿನ್ಯಾಸದ ಬಹುಪಾಲು ಕೆಲಸ ನಡೆಯುವುದು ಕಂಪ್ಯೂಟರಿನಲ್ಲಿ. ಅದಕ್ಕೆ ಬೇಕಾದ ಲೆಕ್ಕದ ತಿರುಳು ಈಗಾಗಲೇ ನೀವು ಮೇಲೆ ಓದಿದ್ದೇ.

ಮನೆಯಲ್ಲೇ ಮಾಡಿ ನೋಡಿ

ಸುಮಾರು 20 ಸೆಂಟಿಮೀಟರ್ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಪಕ್ಕದಲ್ಲಿ ತೂತು ಮಾಡಿ ಸ್ಟ್ರಾ ಸಿಕ್ಕಿಸಿ, ಸುತ್ತ ಅಂಟು ಹಚ್ಚಿ. ಬಾಯಿಗೆ ಉಡುಗೊರೆ ಕಟ್ಟುವ ಹೊಳೆಯುವ ಬೆಳ್ಳಿ ಹಾಳೆಯನ್ನು ಬಿಗಿಯಾಗಿ ಎಳೆದು ಟೇಪ್ ಸುತ್ತಿ. ಈಗ ಸ್ಟ್ರಾದಿಂದ ಮೆಲ್ಲನೆ ಗಾಳಿ ಎಳೆಯಿರಿ. ಹಾಳೆ ಒಳಕ್ಕೆ ಬಾಗಿ ಬಿಂಬ ಬದಲಾಗುತ್ತದೆ. ನಡುಭಾಗ ಅರ್ಧ ಸೆಂಟಿಮೀಟರ್ ತಗ್ಗಿದರೆ ಸಂಗಮದೂರ ಅರ್ಧ ಮೀಟರ್. ಮೇಲಿನ ಸೂತ್ರ ಹಾಕಿ ತಾಳೆ ನೋಡಿ. ಟಾರ್ಚಿನ ಬೆಳಕನ್ನಷ್ಟೇ ಬಳಸಿ. ಬಿಸಿಲಿಗೆ ಹಿಡಿಯಲೇಬೇಡಿ, ಕಣ್ಣು ಸುಡುತ್ತದೆ, ಬೆಂಕಿಯೂ ಹತ್ತಬಹುದು.

ಕೊನೆಗೊಂದು ಎಚ್ಚರ

ಇದನ್ನು ಓದಿ ಯಾರೂ ‘ಇನ್ನು ಬಯಾಪ್ಸಿ ಬೇಡ, ಕನ್ನಡಿಯೇ ಹೇಳುತ್ತದೆ’ ಎಂದುಕೊಳ್ಳಬಾರದು. ಕನ್ನಡಿ ರೋಗ ಪತ್ತೆ ಮಾಡುವುದಿಲ್ಲ, ಆಳದ ಚಿತ್ರ ತೋರಿಸುತ್ತದೆ ಅಷ್ಟೆ. ಬಾಯಿಗೆ ಹಿಡಿಸುವ ಇಂಥ ಸಾಧನಗಳು ಇನ್ನೂ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿವೆ. ಬಾಯಿ ಕ್ಯಾನ್ಸರನ್ನು ಖಚಿತಪಡಿಸಲು ಇವತ್ತಿಗೂ ಬಯಾಪ್ಸಿಯೇ ಗತಿ.

ಹಾಗಾಗಿ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಬಾಯಿ ಪೂರ್ತಿ ತೆರೆಯಲು ಕಷ್ಟವಾಗುತ್ತಿದ್ದರೆ ನೋವಿಲ್ಲದಿದ್ದರೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡಬಹುದು: ವಾರಕ್ಕೊಮ್ಮೆ ಮನೆಯ ಮಾಮೂಲಿ ಕನ್ನಡಿಯ ಮುಂದೆ ನಿಂತು, ಮೊಬೈಲಿನ ಟಾರ್ಚ್ ಹಾಕಿ, ಬಾಯಿ ಅಗಲಿಸಿ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡಿಕೊಳ್ಳಿ. ಬಾಗುವ ಕನ್ನಡಿ ನಮ್ಮ ಊರಿಗೆ ಬರುವ ತನಕ ಈ ಬಾಗದ ಕನ್ನಡಿಯೂ ದೊಡ್ಡ ಕೆಲಸವನ್ನೇ ಮಾಡಬಲ್ಲದು.